ಐದನೇ ದಿನದ ತುರಿಕೆ

ಜುಲೈ ತಿಂಗಳ ಒಂದು ರಾತ್ರಿ, ಹನ್ನೊಂದು ದಾಟಿದ ಮೇಲೆ ಫೋನ್ ಬಂತು. ತೀರ್ಥಹಳ್ಳಿ ಕಡೆಯ ಹುಡುಗ, ನನಗೆ ದೂರದ ನೆಂಟ. ಕೆಲಸ ಶಿವಮೊಗ್ಗದಲ್ಲಿ. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಅವನ ದನಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

"ಅಣ್ಣಾ, ನಂಗೆ ಹರ್ಪಿಸ್ ಬಂದಿದೆ ಅನ್ಸುತ್ತೆ. ಮನೇಲಿ ಹೇಳ್ಬೇಡ."

"ಎಂತ ಆಯ್ತು ಮಾರಾಯ? ಗುಳ್ಳೆ ಎದ್ದಿದೆಯಾ?"

"ಗುಳ್ಳೆ ಇಲ್ಲ. ತುರಿಕೆ. ಒಂಥರಾ ಜುಮುಜುಮು. ಇವತ್ತಿಗೆ ಐದು ದಿನ."

ಐದು ದಿನದ ಹಿಂದೆ ಒಬ್ಬ ಹುಡುಗಿಯ ಜೊತೆ ಸೇರಿದ್ದ. ಒಂದೇ ಸಲ, ಸ್ವಲ್ಪ ಹೊತ್ತು, ಕಾಂಡೋಮ್ ಹಾಕಿಕೊಂಡೇ. ಆಮೇಲೆ ದಿನಕ್ಕೆ ಹತ್ತು ಸಲ ಮೊಬೈಲ್ ಟಾರ್ಚ್ ಹಿಡಿದು ನೋಡಿಕೊಂಡಿದ್ದಾನೆ. ಆಂಟಿಸೆಪ್ಟಿಕ್ ಹಾಕಿ ತೊಳೆದು ತೊಳೆದು ಚರ್ಮ ಕೆಂಪಾಗಿದೆ. ನಾಲ್ಕನೇ ದಿನಕ್ಕೇ ಒಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದಿದ್ದಾನೆ. ನಾನು ಡಾಕ್ಟರಲ್ಲ, ವಿಜ್ಞಾನ ಓದಿ ಬರೆಯುವವನು. ಆದರೂ ಅವತ್ತು ಗಂಟೆಗಟ್ಟಲೆ ಮಾತಾಡಿದೆವು. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅರ್ಧ ಹೆದರಿಕೆ ಹೆಸರಿನಲ್ಲೇ ಇದೆ. ನಮ್ಮ ಕಡೆ ಸರ್ಪಸುತ್ತು ಎಂದರೆ ಎಲ್ಲರಿಗೂ ಗೊತ್ತು. ಡಾಕ್ಟರು ಅದಕ್ಕೆ ಹರ್ಪಿಸ್ ಜೋಸ್ಟರ್ ಎಂದು ಬರೆಯುತ್ತಾರೆ. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ ಒಳಗೇ ಉಳಿದು, ಎಷ್ಟೋ ವರ್ಷದ ಮೇಲೆ ಮತ್ತೆ ಏಳುವುದೇ ಸರ್ಪಸುತ್ತು. ಅದಕ್ಕೂ ಲೈಂಗಿಕ ಸಂಬಂಧಕ್ಕೂ ನಂಟಿಲ್ಲ. ಈ ಹುಡುಗ ಹೆದರಿದ್ದು ಅದೇ ಮನೆತನದ ಬೇರೆ ವೈರಸ್ಸಿಗೆ, ಹರ್ಪಿಸ್ ಸಿಂಪ್ಲೆಕ್ಸ್‌ಗೆ. ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಗ್ರೀಕಿನಲ್ಲಿ 'ಹರ್ಪಿಸ್' ಎಂದರೆ ತೆವಳುವುದು. ಸಂಸ್ಕೃತದ 'ಸರ್ಪ'ವೂ ಅದೇ ಬೇರಿನಿಂದ ಹುಟ್ಟಿದ್ದು. ಚರ್ಮದ ಮೇಲೆ ಹರಿದಾಡುವ ಗುಳ್ಳೆಗಳನ್ನು ನೋಡಿ ಅವರಿಗೂ ನಮ್ಮವರಿಗೂ ತೆವಳುವುದೇ ನೆನಪಾಗಿದೆ.

ಹರ್ಪಿಸ್ ಸಿಂಪ್ಲೆಕ್ಸ್‌ನಲ್ಲಿ ಎರಡು ಬಗೆ. ಒಂದನೇ ಟೈಪ್ ಹೆಚ್ಚಾಗಿ ತುಟಿಯದು. ಜ್ವರ ಬಂದಾಗ ತುಟಿಯಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಅಲ್ವಾ? ಹಲ್ಲಿ ಉಚ್ಚೆ ಹೊಯ್ದಿದೆ ಎಂದು ಅಜ್ಜಿಯಂದಿರು ಹೇಳುವುದನ್ನು ಕೇಳಿದ್ದೇನೆ. ಹಲ್ಲಿಯ ಪಾಲೇನೂ ಇಲ್ಲ, ಅದು ಇದೇ ವೈರಸ್. ಎರಡನೇ ಟೈಪ್ ಹೆಚ್ಚಾಗಿ ಜನನಾಂಗದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಒಂದನೇ ಟೈಪ್ ಇದೆ. 15ರಿಂದ 49 ವಯಸ್ಸಿನ ಸುಮಾರು 52 ಕೋಟಿ ಜನರಲ್ಲಿ ಎರಡನೆಯದು ಇದೆ. ಹೆಚ್ಚಿನವರಿಗೆ ತಮ್ಮೊಳಗೆ ಅದು ಇರುವುದೇ ಗೊತ್ತಿಲ್ಲ.

ಇದು ಹರಡುವುದು ಚರ್ಮಕ್ಕೆ ಚರ್ಮ ತಾಗಿ. ಟಾಯ್ಲೆಟ್ ಸೀಟಿನಿಂದ, ಟವೆಲಿನಿಂದ, ಕೆರೆಯಲ್ಲಿ ಈಜಿದ್ದರಿಂದ ಬರುತ್ತದೆ ಎಂದು ಸುಮ್ನೆ ಹೆದರಬೇಕಿಲ್ಲ. ಕಾಂಡೋಮ್ ಮುಚ್ಚದ ಜಾಗದಿಂದ ದಾಟುವ ಸಾಧ್ಯತೆ ಸ್ವಲ್ಪ ಉಳಿಯುತ್ತದೆ ನಿಜ. ಆದರೆ ಅಪಾಯ ಕಡಿಮೆಯಾಗುತ್ತದೆ.

ಚರ್ಮದ ಕಣ್ಣಿಗೆ ಕಾಣದ ಸಣ್ಣ ಗಾಯದಿಂದ ವೈರಸ್ ಒಳಗೆ ಸೇರುತ್ತದೆ. ಅಲ್ಲೇ ಮರಿ ಹಾಕುತ್ತದೆ, ಗುಳ್ಳೆ ಎಬ್ಬಿಸುತ್ತದೆ. ಜೊತೆಗೇ ಅಲ್ಲಿನ ನರದ ತುದಿ ಹೊಕ್ಕು, ನರದೊಳಗೇ ಹತ್ತಿ, ಬೆನ್ನುಹುರಿಯ ಬುಡದ ಪಕ್ಕದಲ್ಲಿರುವ ನರಗಂಟಿಗೆ ತಲುಪುತ್ತದೆ. ಅಲ್ಲಿ ಸದ್ದಿಲ್ಲದೆ ಕೂರುತ್ತದೆ. ಬೇಸಿಗೆಯಲ್ಲಿ ಗದ್ದೆ ಒಣಗಿದಾಗ ಕೆಲವು ಕಪ್ಪೆಗಳು ಮಣ್ಣಿನಡಿ ಅಡಗಿ, ಮೊದಲ ಮಳೆಗೆ ಎದ್ದು ಬರುತ್ತವಲ್ಲ, ಹಾಗೆ. ಜ್ವರ, ಆಯಾಸ, ಮುಟ್ಟು, ಮನಸ್ಸಿನ ಒತ್ತಡ, ಇಂಥದ್ದೇನಾದರೂ ಆದಾಗ ಅದೇ ನರ ಹಿಡಿದು ಕೆಳಗಿಳಿಯುತ್ತದೆ. ಅಡಗಿ ಕೂತಾಗ ಅದರ ಬಹುಪಾಲು ಜೀನುಗಳು ಬಾಯಿ ಮುಚ್ಚಿಕೊಂಡಿರುತ್ತವೆ. ಹಾಗಾಗಿ ದೇಹದ ಕಾವಲುಪಡೆಗೆ ಅದು ಕಾಣುವುದಿಲ್ಲ. ಪೂರ್ತಿ ಓಡಿಸುವ ಔಷಧ ಇನ್ನೂ ಇಲ್ಲದಿರುವುದು ಇದೇ ಕಾರಣಕ್ಕೆ.

ಸೋಂಕು ತಗುಲಿ ಲಕ್ಷಣ ಕಾಣಿಸುವುದಾದರೆ ಸಾಮಾನ್ಯವಾಗಿ 2ರಿಂದ 12 ದಿನದೊಳಗೆ ಕಾಣಿಸುತ್ತದೆ. ಐದನೇ ದಿನ ಆ ಲೆಕ್ಕದೊಳಗೇ ಬರುತ್ತದೆ. ಅದಕ್ಕೇ ನಾನು ಅವನಿಗೆ "ಏನೂ ಆಗಿಲ್ಲ ಬಿಡು" ಎನ್ನಲಿಲ್ಲ. ಏನನ್ನು ನೋಡಬೇಕು ಎಂದು ಹೇಳಿದೆ. ಕೆಂಪಾದ ಜಾಗದಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು. ಒಂದೆರಡು ದಿನದಲ್ಲಿ ಒಡೆದು ಹುಣ್ಣಾಗುತ್ತವೆ, ಮುಟ್ಟಿದರೆ ಉರಿಯುತ್ತವೆ. ಮೊದಲ ಸಲವಾದರೆ ಜ್ವರ, ಮೈಕೈ ನೋವು, ತೊಡೆಸಂದಿಯಲ್ಲಿ ಗಡ್ಡೆ, ಮೂತ್ರ ಮಾಡುವಾಗ ಉರಿ ಕೂಡ ಇರಬಹುದು. ಎರಡರಿಂದ ನಾಲ್ಕು ವಾರದಲ್ಲಿ ತಾನೇ ಮಾಯುತ್ತವೆ. ಕೆಲವರಿಗೆ ಒಂದು ಸಣ್ಣ ಬಿರುಕಿನಷ್ಟೇ ಕಾಣಬಹುದು, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಹೆಂಗಸರಲ್ಲಿ ಈ ಉರಿಯನ್ನು "ಉಷ್ಣ ಆಗಿದೆ, ಎಳನೀರು ಕುಡಿ" ಎಂದು ತಳ್ಳಿಹಾಕುವುದು ಜಾಸ್ತಿ. ಬಸುರಿಯರು ಮಾತ್ರ ಇದನ್ನು ಖಂಡಿತ ಮುಚ್ಚಿಡಬಾರದು. ಹೆರಿಗೆ ಹತ್ತಿರ ಇರುವಾಗ ಮೊದಲ ಸಲ ಸೋಂಕು ತಗುಲಿದರೆ ಕೂಸಿನ ಜೀವಕ್ಕೇ ಅಪಾಯ.

ಇನ್ನು ಮಲೆನಾಡಿನ ಮಳೆಗಾಲ. ತೊಡೆಸಂದಿ ತುರಿಸಲು ಇಲ್ಲಿ ಕಾರಣಕ್ಕೆ ಬರವಿಲ್ಲ. ಬಟ್ಟೆ ವಾರವಾದರೂ ಒಣಗುವುದಿಲ್ಲ, ಬಚ್ಚಲೊಲೆಯ ಮೇಲೆ ಹರವಿ ಅರೆಬರೆ ಒಣಗಿದ್ದನ್ನೇ ಹಾಕಿಕೊಳ್ಳುತ್ತೇವೆ. ಹುಳುಕಡ್ಡಿ ಹಬ್ಬಲು ಅಷ್ಟು ಸಾಕು. ತೋಟಕ್ಕೆ ಹೋದರೆ ಉಂಬಳ, ಕಾಡಂಚಿಗೆ ಹೋದರೆ ಉಣುಗು. ಅವು ಕಚ್ಚಲು ಹುಡುಕುವುದೂ ಇಂಥ ಮೆತ್ತನೆ ಸಂದಿಯನ್ನೇ. ರೇಜರ್ ಆಡಿಸಿದ ಮೇಲೆ ಕೂದಲ ಬುಡದಲ್ಲಿ ಏಳುವ ಗುಳ್ಳೆಯೂ ಹರ್ಪಿಸ್ ತರಹವೇ ಕಂಡು ಹೆದರಿಸುತ್ತದೆ. ಸಹಜವಾಗಿಯೇ ಇರುವ ಬಿಳಿ ಚುಕ್ಕೆಗಳನ್ನು ಟಾರ್ಚ್ ಬೆಳಕಿನಲ್ಲಿ ಮೊದಲ ಸಲ ಕಂಡು ಗಾಬರಿಯಾಗುವವರೂ ಇದ್ದಾರೆ. ಒಂದೇ ಜಾಗದ ಮೇಲೆ ಗಮನ ಇಟ್ಟುಕೊಂಡೇ ಇದ್ದರೆ ಅಲ್ಲಿ ಜುಮುಜುಮು ಹೆಚ್ಚುವುದಂತೂ ನಿಜ. ಈ ಸಾಲು ಓದಿದ ಮೇಲೆ ನಿಮ್ಮ ಅಂಗಾಲಿನ ಮೇಲೆ ಒಂದು ನಿಮಿಷ ಗಮನ ಇಟ್ಟು ನೋಡಿ.

ರಕ್ತ ಪರೀಕ್ಷೆಯ ವಿಷಯಕ್ಕೆ ನನಗೆ ಬೇಜಾರಿದೆ. ನಾಲ್ಕನೇ ದಿನದ ರಕ್ತದಿಂದ ಈ ಸಂಬಂಧದ ಬಗ್ಗೆ ಏನೂ ತಿಳಿಯುವುದಿಲ್ಲ. ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಐಜಿಜಿ ಎಂಬ ಪ್ರತಿಕಾಯ ಗಟ್ಟಿಯಾಗಿ ಕಾಣಿಸಲು ಸುಮಾರು 12 ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಐಜಿಎಂ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯನ್ನು ಇದಕ್ಕೆ ನಂಬುವಂತಿಲ್ಲ. ಅವನಿಗೆ ಒಂದನೇ ಟೈಪ್‌ನ ಐಜಿಜಿ ಪಾಸಿಟಿವ್ ಬಂತು, ನಿದ್ದೆ ಪೂರ್ತಿ ಹೋಯಿತು. ನಾಲ್ಕು ದಿನದಲ್ಲಿ ಅದು ಹುಟ್ಟುವುದಿಲ್ಲ, ಹಳೆಯದು. ಬಹುಶಃ ಚಿಕ್ಕಂದಿನಲ್ಲಿ ಯಾರದೋ ಮುತ್ತಿನಿಂದ ಬಂದದ್ದು. ಇದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಸರಿಯಾದ ಪರೀಕ್ಷೆ ಹೊಸ ಹುಣ್ಣಿನಿಂದ ಕಡ್ಡಿಯಲ್ಲಿ ದ್ರವ ತೆಗೆದು ಮಾಡುವ ಪಿಸಿಆರ್. ಹುಣ್ಣೇ ಇಲ್ಲದಿದ್ದರೆ ಕಾಯುವುದೇ ಸರಿ.

ಬಂದಿದ್ದರೂ ಅದಕ್ಕೆ ಏಸೈಕ್ಲೋವಿರ್ ಇದೆ. ಗರ್ಟ್ರೂಡ್ ಎಲಿಯನ್ ಅವರ ತಂಡದಿಂದ ಬಂದ ಮಾತ್ರೆ, ಅವರಿಗೆ 1988ರಲ್ಲಿ ನೊಬೆಲ್ ಬಂತು. ಈ ಔಷಧಕ್ಕೆ ಜೀವ ಕೊಡುವುದು ವೈರಸ್ಸಿನದೇ ಒಂದು ಕಿಣ್ವ. ಹಾಗಾಗಿ ಅದು ಸೋಂಕು ಇರುವ ಕೋಶದಲ್ಲೇ ಕೆಲಸ ಮಾಡುತ್ತದೆ, ಉಳಿದ ಕೋಶಗಳ ತಂಟೆಗೆ ಹೆಚ್ಚು ಹೋಗುವುದಿಲ್ಲ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮು ಮಾತ್ರ ಹಚ್ಚಬೇಡಿ. ಹುಳುಕಡ್ಡಿಯೂ ಅದರಿಂದ ಇನ್ನಷ್ಟು ಜೋರಾಗುತ್ತದೆ.

ನನಗೆ ಹೆಚ್ಚು ಚಿಂತೆ ನೋವಿಲ್ಲದ ಹುಣ್ಣಿನದು. ಅದು ಸಿಫಿಲಿಸ್ ಎಂಬ ಇನ್ನೊಂದು ಲೈಂಗಿಕ ರೋಗ ಇರಬಹುದು. ಪೆನಿಸಿಲಿನ್‌ನಿಂದ ಗುಣವಾಗುತ್ತದೆ, ಆದರೆ ನೋಯುವುದಿಲ್ಲವಾದ್ದರಿಂದ ಯಾರೂ ತೋರಿಸುವುದಿಲ್ಲ. ಕಾಂಡೋಮ್ ಇಲ್ಲದೆ ಸೇರಿದ್ದು, ಎಚ್‌ಐವಿ ಭಯ ಇದ್ದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಬೇಕು. ತಡೆಯುವ ಮಾತ್ರೆ ಆಮೇಲೆ ಕೆಲಸಕ್ಕೆ ಬಾರದು. ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್ ಇರುತ್ತದೆ, 1097ಕ್ಕೆ ಫೋನ್ ಮಾಡಿಯೂ ಕೇಳಬಹುದು. ನಮ್ಮ ಊರುಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನಾಲ್ಕು ಜನ ಮಾತಾಡಿಸುತ್ತಾರೆ, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ಸಂಕೋಚ ಎಂಬುದು ನನಗೆ ಗೊತ್ತು. ಒಬ್ಬರೇ ಹೋಗುವುದು ಕಷ್ಟವಾದರೆ ನಂಬಿಕೆಯವರನ್ನು ಕರೆದುಕೊಂಡು ಹೋಗಿ.

ಹನ್ನೆರಡು ದಿನ ಕಳೆಯಿತು. ಗುಳ್ಳೆ ಏಳಲಿಲ್ಲ. ಚರ್ಮದ ಡಾಕ್ಟರು ನೋಡಿ ಹುಳುಕಡ್ಡಿ ಎಂದರು. ಪ್ರತಿ ವಾರ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬೈಕಿನಲ್ಲಿ ನೆನೆದು ಬಂದು, ಅದೇ ಜೀನ್ಸ್‌ನಲ್ಲಿ ದಿನ ಕಳೆಯುತ್ತಿದ್ದನಂತೆ. ಈಗ ಬ್ಯಾಗಿನಲ್ಲಿ ಇನ್ನೊಂದು ಪ್ಯಾಂಟು ಇಟ್ಟುಕೊಳ್ಳುತ್ತಾನೆ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನು ಮೂರು ತಿಂಗಳು ತುಂಬಿದ ಮೇಲೆ ಒಂದು ಸಲ ಮಾಡಿಸಿಕೊಂಡು ಬಿಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಅಕ್ಟೋಬರ್‌ನ ಆ ದಿನ ನಾನೂ ಅವನ ಜೊತೆ ಹೋಗುತ್ತೇನೆ.