ಧನುರ್ಮಾಸ ಏಕೆ ಚಿಕ್ಕದು? ಭೂಮಿಯ ಓಟ, ಮಂಗಳನ ದಾರಿ

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿಯವರ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿನ ಜೊತೆಗೆ ಊರಿನಿಂದ ತರಿಸಿಕೊಂಡ ಪಂಚಾಂಗವೊಂದು ಇಂದಿಗೂ ಇರುತ್ತದೆ. ತುಳುವರ ಪಗ್ಗು, ಬೇಶ, ಕಾರ್ತೆಲ್, ಆಟಿ ಮೊದಲಾದ ತಿಂಗಳುಗಳೆಲ್ಲ ಸೌರಮಾಸಗಳು. ಸೂರ್ಯ ಒಂದು ರಾಶಿಯಿಂದ ಮುಂದಿನ ರಾಶಿಗೆ ದಾಟುವ ಸಂಕ್ರಮಣವೇ ಅವುಗಳ ಗಡಿ. ರಾಶಿಗಳು ಹನ್ನೆರಡು, ಪ್ರತಿಯೊಂದರ ಅಗಲವೂ 30 ಡಿಗ್ರಿ. ಹಾಗಿದ್ದ ಮೇಲೆ ತಿಂಗಳುಗಳೂ ಸಮನಾಗಿರಬೇಕಿತ್ತು. ಆದರೆ ಪಂಚಾಂಗ ತೆರೆದು ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸಿದರೆ ಲೆಕ್ಕ ಬೇರೆಯೇ ಬರುತ್ತದೆ. ಜೂನ್ ನಡುವಿನಲ್ಲಿ ಆರಂಭವಾಗುವ ಮಿಥುನ ಮಾಸ, ಅಂದರೆ ಕಾರ್ತೆಲ್, ಸುಮಾರು ಮೂವತ್ತೊಂದೂವರೆ ದಿನಕ್ಕಿಂತಲೂ ಸ್ವಲ್ಪ ಹೆಚ್ಚು. ಡಿಸೆಂಬರ್ 16ರ ಸುಮಾರಿಗೆ ಆರಂಭವಾಗಿ ಮಕರ ಸಂಕ್ರಾಂತಿಗೆ ಮುಗಿಯುವ ಧನುರ್ಮಾಸವಾದರೋ ಇಪ್ಪತ್ತೊಂಬತ್ತೂವರೆ ದಿನವನ್ನೂ ತುಂಬುವುದಿಲ್ಲ. ಮಾಟುಂಗಾ, ಡೊಂಬಿವಲಿಗಳಲ್ಲಿ ಬೆಳಗಿನ ಜಾವ ಎದ್ದು ಪೂಜೆ ಮಾಡಿ ಹುಗ್ಗಿ ನೈವೇದ್ಯ ಮಾಡುವವರು ವರ್ಷದ ಅತಿ ಚಿಕ್ಕ ಸೌರಮಾಸವನ್ನು ಆಚರಿಸುತ್ತಿರುತ್ತಾರೆ. ಈ ಎರಡು ದಿನಗಳ ವ್ಯತ್ಯಾಸದಲ್ಲಿ ಗ್ರಹಗಳ ಚಲನೆಯ ಮುಖ್ಯ ನಿಯಮವೊಂದು ಅಡಗಿದೆ.

ಸೂರ್ಯ ರಾಶಿಯಿಂದ ರಾಶಿಗೆ ಚಲಿಸಿದಂತೆ ಕಾಣುವುದು ಭೂಮಿ ಅವನನ್ನು ಸುತ್ತುವುದರಿಂದ. ಧನುರ್ಮಾಸ ಬೇಗ ಮುಗಿಯುತ್ತದೆ ಎಂದರೆ ಆ ದಿನಗಳಲ್ಲಿ ಭೂಮಿ ಹೆಚ್ಚು ವೇಗವಾಗಿ ಓಡುತ್ತಿದೆ ಎಂದೇ ಅರ್ಥ. ಜನವರಿಯ ಮೊದಲ ವಾರದಲ್ಲಿ ಭೂಮಿಯ ವೇಗ ಸೆಕೆಂಡಿಗೆ 30.29 ಕಿಲೋಮೀಟರ್, ಜುಲೈ ಮೊದಲ ವಾರದಲ್ಲಿ 29.29. ದೂರದಲ್ಲೂ ಇದೇ ಬಗೆಯ ಅಂತರವಿದೆ. ಜನವರಿಯಲ್ಲಿ ಭೂಮಿ ಸೂರ್ಯನಿಂದ 14 ಕೋಟಿ 71 ಲಕ್ಷ ಕಿಲೋಮೀಟರ್ ದೂರದಲ್ಲಿದ್ದರೆ ಜುಲೈಯಲ್ಲಿ 15 ಕೋಟಿ 21 ಲಕ್ಷ ಕಿಲೋಮೀಟರ್ ದೂರದಲ್ಲಿರುತ್ತದೆ. ಹತ್ತಿರವಿದ್ದಾಗ ವೇಗ ಹೆಚ್ಚು, ದೂರವಿದ್ದಾಗ ಕಡಿಮೆ.

ಸೂರ್ಯನಿಗೆ ಅತಿ ಹತ್ತಿರವಿರುವ ಜನವರಿಯಲ್ಲೇ ನಮಗೆ ಚಳಿ ಏಕೆ ಎಂಬ ಪ್ರಶ್ನೆಗೆ ಉತ್ತರ ಭೂಮಿಯ ಅಕ್ಷದ 23.4 ಡಿಗ್ರಿ ಓರೆಯಲ್ಲಿದೆ. ಆಗ ಉತ್ತರಾರ್ಧಗೋಳದ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಚಿಕ್ಕದು. ಹತ್ತಿರವಿರುವುದರಿಂದ ಭೂಮಿಗೆ ಒಟ್ಟಾರೆ ದೊರೆಯುವ ಸುಮಾರು ಶೇಕಡಾ 7ರಷ್ಟು ಹೆಚ್ಚಿನ ಬೆಳಕು ಈ ಓರೆಯ ಪರಿಣಾಮವನ್ನು ಮೀರಿಸಲಾರದು.

ಶಾಲೆಯ ಪುಸ್ತಕಗಳಲ್ಲಿ ಗ್ರಹಗಳ ಕಕ್ಷೆಯನ್ನು ಮೊಟ್ಟೆಯ ಹಾಗೆ ಉದ್ದವಾಗಿ ಬರೆದಿರುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಚಿತ್ರ ಮಾಡುವ ಹಾನಿ ಸಣ್ಣದಲ್ಲ, ಏಕೆಂದರೆ ಅದನ್ನು ನೋಡಿದ ಮಗು ಕಕ್ಷೆಯ ಆಕಾರವನ್ನು ತಪ್ಪಾಗಿ ಕಲಿಯುವುದಲ್ಲದೆ, ಅದರ ನಿಜವಾದ ವಿಶೇಷವನ್ನು ಗಮನಿಸದೆ ಹೋಗುತ್ತದೆ. ಮಕ್ಕಳನ್ನು ಕಟ್ಟಡದ ತಾರಸಿಗೆ ಕರೆದುಕೊಂಡು ಹೋಗಿ ಸೀಮೆಸುಣ್ಣ, ಎರಡು ಮೊಳೆ, ಎರಡು ಮೀಟರ್ ದಾರ ಇಟ್ಟುಕೊಂಡು ಮಂಗಳನ ಕಕ್ಷೆಯನ್ನು ಅಳತೆಗೆ ಸರಿಯಾಗಿ ಬರೆಸಬಹುದು. ಒಂದು ಹಲಗೆಯ ಮೇಲೆ ಮೊಳೆಗಳನ್ನು 18.7 ಸೆಂಟಿಮೀಟರ್ ಅಂತರದಲ್ಲಿ ಹೊಡೆದು, ದಾರದ ಎರಡು ತುದಿಗಳನ್ನು ಅವಕ್ಕೆ ಕಟ್ಟಿ, ಸುಣ್ಣದ ಕಡ್ಡಿಯಿಂದ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಸುತ್ತಲೂ ಗೆರೆ ಎಳೆದರೆ ದೀರ್ಘವೃತ್ತ ಮೂಡುತ್ತದೆ. ಟೇಪು ಹಿಡಿದು ಅಳೆದರೆ ಅದರ ಉದ್ದ 2 ಮೀಟರ್, ಅಗಲ ಅದಕ್ಕಿಂತ 9 ಮಿಲಿಮೀಟರ್ ಮಾತ್ರ ಕಡಿಮೆ. ನೋಡಿದವರು ಅದನ್ನು ವೃತ್ತವೆಂದೇ ಹೇಳುತ್ತಾರೆ. ಆದರೆ ಸೂರ್ಯನಿರುವುದು ನಟ್ಟನಡುವೆ ಅಲ್ಲ, ಒಂದು ಮೊಳೆಯ ಜಾಗದಲ್ಲಿ. ಅದು ಕೇಂದ್ರದಿಂದ 9.3 ಸೆಂಟಿಮೀಟರ್ ಸರಿದಿರುವುದು ಯಾರ ಕಣ್ಣಿಗಾದರೂ ಬೀಳುತ್ತದೆ. ಭೂಮಿಯ ಕಕ್ಷೆಯನ್ನು ಇದೇ ಅಳತೆಯಲ್ಲಿ ಬರೆದರೆ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಸುಣ್ಣದ ಗೆರೆಯ ದಪ್ಪಕ್ಕಿಂತ ಕಡಿಮೆ, ಆದರೂ ಸೂರ್ಯ ಕೇಂದ್ರದಿಂದ ಸುಮಾರು 1.7 ಸೆಂಟಿಮೀಟರಿನಷ್ಟು ಆಚೆಗಿರುತ್ತಾನೆ. ಗ್ರಹಗಳ ಕಕ್ಷೆಗಳು ಹೆಚ್ಚುಕಡಿಮೆ ವೃತ್ತಗಳೇ. ಸೂರ್ಯ ಮಾತ್ರ ಮಧ್ಯದಲ್ಲಿಲ್ಲ.

ಇನ್ನು ಓಟದ ಕಾರಣ. ಸೂರ್ಯ ಗ್ರಹವನ್ನು ಮುಂದಕ್ಕೆ ತಳ್ಳುವುದಿಲ್ಲ, ತನ್ನ ಕಡೆಗೆ ಸೆಳೆಯುತ್ತಾನೆ, ಅಷ್ಟೇ. ಮುಂದಕ್ಕೆ ಸಾಗುವ ವೇಗ ಸೌರವ್ಯೂಹ ರೂಪುಗೊಂಡ ಕಾಲದಿಂದಲೂ ಗ್ರಹಕ್ಕಿದೆ, ಅದನ್ನು ತಡೆಯುವ ಗಾಳಿಯಾಗಲಿ ಘರ್ಷಣೆಯಾಗಲಿ ಆ ದಾರಿಯಲ್ಲಿಲ್ಲ. ಸಿಎಸ್‌ಎಂಟಿಯಿಂದ ಥಾಣೆಗೆ 34 ಕಿಲೋಮೀಟರ್. ಸ್ಲೋ ಲೋಕಲ್ ಹತ್ತಿದರೆ ಒಂದು ಗಂಟೆಯ ಹತ್ತಿರ ಬೇಕಾಗುವ ಅಷ್ಟು ದೂರವನ್ನು ಭೂಮಿ ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು ಸಮಯದಲ್ಲಿ ಕ್ರಮಿಸುತ್ತದೆ. ಹೀಗೆ ಪ್ರತಿ ಸೆಕೆಂಡಿಗೆ 30 ಕಿಲೋಮೀಟರ್ ಮುಂದೆ ಸಾಗುವಾಗ, ನೇರ ಗೆರೆಯಿಂದ ಅದು ಸೂರ್ಯನ ಕಡೆಗೆ ಬೀಳುವುದು ಎಷ್ಟು ಗೊತ್ತೇ? ಬರೀ 3 ಮಿಲಿಮೀಟರ್. ಸೆಕೆಂಡು ಸೆಕೆಂಡಿಗೂ ಆಗುವ ಈ ಸಣ್ಣ ಬಾಗುವಿಕೆಯೇ ಒಂದು ವರ್ಷದಲ್ಲಿ ಪೂರ್ತಿ ಸುತ್ತಾಗುತ್ತದೆ.

ಜುಲೈಯಿಂದ ಜನವರಿಯವರೆಗೆ ಭೂಮಿಯ ದಾರಿ ಸೂರ್ಯನ ಕಡೆಗೆ ಬಹಳ ಸ್ವಲ್ಪ ವಾಲಿರುತ್ತದೆ. ದಿನಕ್ಕೆ ಸರಾಸರಿ 27,000 ಕಿಲೋಮೀಟರಿನಂತೆ ಅದು ಸೂರ್ಯನ ಸಮೀಪಕ್ಕೆ ಬರುತ್ತಿರುತ್ತದೆ. ಹೀಗೆ ವಾಲಿದ ದಾರಿಯಲ್ಲಿ ಸೂರ್ಯನ ಸೆಳೆತದ ಒಂದು ಚಿಕ್ಕ ಪಾಲು ಚಲನೆಯ ದಿಕ್ಕಿಗೇ ಸೇರಿ ವೇಗವನ್ನು ಹೆಚ್ಚಿಸುತ್ತದೆ. ಜನವರಿಯ ನಂತರ ದಾರಿ ಹೊರಕ್ಕೆ ವಾಲುತ್ತದೆ, ಅದೇ ಸೆಳೆತ ಈಗ ಹಿಂದಕ್ಕೆ ಜಗ್ಗುತ್ತದೆ. ಆರು ತಿಂಗಳಲ್ಲಿ ಗಳಿಸಿದ ಸೆಕೆಂಡಿಗೆ ಒಂದು ಕಿಲೋಮೀಟರಿನಷ್ಟು ವೇಗವನ್ನು ಮುಂದಿನ ಆರು ತಿಂಗಳಲ್ಲಿ ಭೂಮಿ ಪೂರ್ತಿಯಾಗಿ ಹಿಂದಿರುಗಿಸುತ್ತದೆ. ಸೆಳೆತ ಯಾವಾಗಲೂ ಸೂರ್ಯನತ್ತಲೇ ಇರುವುದರಿಂದ ಒಂದು ಅಚ್ಚುಕಟ್ಟಾದ ಸಂಬಂಧ ಉಳಿದುಕೊಳ್ಳುತ್ತದೆ: ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆ ಸಮಾನ ಕಾಲದಲ್ಲಿ ಸಮಾನ ಕ್ಷೇತ್ರವನ್ನು ಗುಡಿಸುತ್ತದೆ. ಜರ್ಮನ್ ಖಗೋಳಜ್ಞ ಯೊಹಾನೆಸ್ ಕೆಪ್ಲರ್ 1609ರಲ್ಲಿ ಪ್ರಕಟಿಸಿದ ಎರಡು ನಿಯಮಗಳಲ್ಲಿ ಇದೊಂದು. ಕಕ್ಷೆ ದೀರ್ಘವೃತ್ತ ಎಂಬುದು ಇನ್ನೊಂದು. ಇದರ ಹಿಂದಿನ ಕಾರಣವನ್ನು ಗುರುತ್ವದ ಮೂಲಕ ನ್ಯೂಟನ್ ವಿವರಿಸಿದ್ದು 1687ರಲ್ಲಿ.

ಸೂರ್ಯನ ಗತಿ ಏಕರೀತಿಯಲ್ಲ ಎಂಬ ಅರಿವು ಮಾತ್ರ ಇದಕ್ಕಿಂತ ಬಹಳ ಹಳೆಯದು. ಸೂರ್ಯ ಅತಿ ನಿಧಾನವಾಗಿ ಚಲಿಸುವ ಬಿಂದುವಿಗೆ ನಮ್ಮ ಗಣಿತಜ್ಞರು ಮಂದೋಚ್ಚವೆಂದು ಹೆಸರಿಟ್ಟಿದ್ದರು. ಆರ್ಯಭಟ ಅದನ್ನು 78 ಡಿಗ್ರಿಯಲ್ಲಿ, ಅಂದರೆ ಮಿಥುನ ರಾಶಿಯಲ್ಲಿ ಗುರುತಿಸಿದ್ದ. ನಕ್ಷತ್ರಗಳ ಹಿನ್ನೆಲೆಯಲ್ಲಿ ಆ ಬಿಂದು ಇಂದಿಗೂ ಮಿಥುನದಲ್ಲೇ ಇದೆ, ಅವನು ಹೇಳಿದ ಜಾಗದ ತೀರ ಸಮೀಪದಲ್ಲಿ. ಅವನ ಲೆಕ್ಕದಲ್ಲಿ ವೃತ್ತದ ಮೇಲೆ ವೃತ್ತಗಳಿದ್ದವು, ದೀರ್ಘವೃತ್ತವಿರಲಿಲ್ಲ. ಆದರೂ ಪಂಚಾಂಗಕ್ಕೆ ಬೇಕಾದಷ್ಟು ನಿಖರತೆ ಆ ಲೆಕ್ಕಕ್ಕೆ ಸಾಧ್ಯವಾಗಿತ್ತು. ಚಾಂದ್ರಮಾಸದ ಸರಾಸರಿ ಅವಧಿ 29 ದಿನ 12 ಗಂಟೆ 44 ನಿಮಿಷ. ಧನುರ್ಮಾಸ ಅದಕ್ಕಿಂತಲೂ ಚಿಕ್ಕದಾಗಿರುವುದರಿಂದ ಚಳಿಗಾಲದಲ್ಲಿ ಅಪರೂಪಕ್ಕೊಮ್ಮೆ ಒಂದೇ ಚಾಂದ್ರಮಾಸದೊಳಗೆ ಎರಡು ಸಂಕ್ರಮಣಗಳು ಬಿದ್ದು ಒಂದು ತಿಂಗಳು ಲೋಪವಾಗುತ್ತದೆ. 1963-64ರಲ್ಲಿ, ಮತ್ತೆ 1982-83ರಲ್ಲಿ ಬಂದ ಕ್ಷಯಮಾಸಗಳು ಇಂಥವೇ. ಭೂಮಿಯ ವೇಗದಲ್ಲಿ ಏರಿಳಿತವಿಲ್ಲದಿದ್ದರೆ ಕ್ಷಯಮಾಸವೆಂಬುದು ಸಹಜವಾಗಿ ಬರುತ್ತಿರಲಿಲ್ಲ.

ವೃತ್ತಗಳನ್ನು ಬಿಟ್ಟುಕೊಡುವಂತೆ ಮಾಡಿದ್ದು ಮಂಗಳ ಗ್ರಹ. ದೂರದರ್ಶಕವಿಲ್ಲದ ಕಾಲದಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆ ಬರಿಗಣ್ಣಿನಿಂದ ವರ್ಷಗಟ್ಟಲೆ ಅಳೆದಿಟ್ಟಿದ್ದ ಮಂಗಳನ ಸ್ಥಾನಗಳು 1601ರಲ್ಲಿ ಅವನು ತೀರಿಕೊಂಡ ನಂತರ ಕೆಪ್ಲರನಿಗೆ ದೊರೆತವು. ವೃತ್ತವನ್ನೇ ನಂಬಿ ಮಾಡಿದ ಲೆಕ್ಕಕ್ಕೂ ಟೈಕೊನ ಅಳತೆಗೂ 8 ಕಲೆಗಳಷ್ಟು, ಅಂದರೆ ಹುಣ್ಣಿಮೆಯ ಚಂದ್ರನ ಅಗಲದ ಕಾಲು ಭಾಗದಷ್ಟು, ವ್ಯತ್ಯಾಸ ಬಂತು. ಬೇರೆ ಯಾರಾದರೂ ಅದನ್ನು ಅಳತೆಯ ದೋಷವೆಂದು ತಳ್ಳಿಹಾಕಬಹುದಿತ್ತು. ಟೈಕೊ ಅಷ್ಟು ತಪ್ಪುವವನಲ್ಲ ಎಂದು ತಿಳಿದಿದ್ದ ಕೆಪ್ಲರ್ ತನ್ನ ಸಿದ್ಧಾಂತವನ್ನೇ ಕೈಬಿಟ್ಟು ಮೊದಲಿನಿಂದ ಆರಂಭಿಸಿದ. ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ನಿರ್ಧಾರವಿದು.

1619ರಲ್ಲಿ ಅವನು ಪ್ರಕಟಿಸಿದ ಮೂರನೆಯ ನಿಯಮ ಗ್ರಹಗಳನ್ನು ಒಂದಕ್ಕೊಂದು ಹೋಲಿಸುತ್ತದೆ: ಸುತ್ತಿನ ಅವಧಿಯ ವರ್ಗವು ಸರಾಸರಿ ದೂರದ ಘನಕ್ಕೆ ಅನುಗುಣವಾಗಿರುತ್ತದೆ. ಭೂಮಿಯ ದೂರವನ್ನು ಒಂದು ಎಂದಿಟ್ಟುಕೊಂಡರೆ ಗುರುವಿನ ದೂರ 5.2. ಅದರ ಘನ ಸುಮಾರು 141, ವರ್ಗಮೂಲ 11.86 ವರ್ಷ. ಗುರು ಸಿಂಹ ರಾಶಿಗೆ ಬಂದಾಗ ನಾಸಿಕದಲ್ಲಿ ನಡೆಯುವ ಸಿಂಹಸ್ಥ ಕುಂಭಮೇಳ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಬರುವುದು ಇದರಿಂದಲೇ. ಶನಿಯ ದೂರ 9.54, ಅವಧಿ 29.46 ವರ್ಷ, ಒಂದು ರಾಶಿಗೆ ಸುಮಾರು ಎರಡೂವರೆ ವರ್ಷದಂತೆ ಮೂರು ರಾಶಿಗೆ ಏಳೂವರೆ. ಸಾಡೇಸಾತಿಯ ಫಲವನ್ನು ನಂಬದ ನನ್ನಂಥವರೂ ಅದರ ಅವಧಿಯ ಲೆಕ್ಕವನ್ನು ಒಪ್ಪಲೇಬೇಕು.

ಮಂಗಳನ ವಿಷಯದಲ್ಲಿ ಈ ಮೂರು ನಿಯಮಗಳೂ ಒಟ್ಟಿಗೆ ಕಾಣಿಸುತ್ತವೆ. ಅವನ ಸುತ್ತಿಗೆ 687 ದಿನ ಬೇಕಾಗುವುದರಿಂದ ಭೂಮಿ ಸರಾಸರಿ 780 ದಿನಗಳಿಗೊಮ್ಮೆ ಅವನನ್ನು ಹಿಂದೆ ಹಾಕುತ್ತದೆ. ಆ ವಾರಗಳಲ್ಲಿ ಅವನು ಹಿಮ್ಮುಖವಾಗಿ ಚಲಿಸಿದಂತೆ ತೋರುತ್ತಾನೆ, ಪಂಚಾಂಗ ಅದನ್ನು ವಕ್ರಗತಿ ಎನ್ನುತ್ತದೆ. ಹೀಗೆ ಹಾದುಹೋಗುವಾಗಿನ ದೂರ ಪ್ರತಿ ಸಲವೂ ಒಂದೇ ಅಲ್ಲ. ಮಂಗಳನ ಕಕ್ಷೆ ಸೂರ್ಯನಿಗೆ ಅತಿ ಸಮೀಪ ಬರುವ ದಿಕ್ಕನ್ನು ಭೂಮಿ ಆಗಸ್ಟ್ ಕೊನೆಯಲ್ಲಿ ದಾಟುತ್ತದೆ. ಆದ್ದರಿಂದ ಅತಿ ನಿಕಟ ಭೇಟಿಗಳೆಲ್ಲ ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲೇ ಆಗುತ್ತವೆ. 2003ರ ಆಗಸ್ಟಿನಲ್ಲಿ ಮಂಗಳ 5 ಕೋಟಿ 58 ಲಕ್ಷ ಕಿಲೋಮೀಟರ್ ದೂರಕ್ಕೆ ಬಂದಿದ್ದ. 2018ರ ಜುಲೈ ಕೊನೆಗೆ 5 ಕೋಟಿ 76 ಲಕ್ಷಕ್ಕೆ. ಮುಂಬಯಿ, ಪುಣೆ, ಗೋವಾಗಳಲ್ಲಿ ಅವು ಮುಂಗಾರು ಮೋಡದ ತಿಂಗಳುಗಳು. ಆಕಾಶ ತಿಳಿಯಾಗಿರುವ ಫೆಬ್ರವರಿಯಲ್ಲಿ ಆಗುವ ಭೇಟಿಗಳಾದರೋ ಮಂಗಳನ ಕಕ್ಷೆಯ ದೂರದ ತುದಿಯಲ್ಲಿ ಆಗುತ್ತವೆ. 2027ರ ಫೆಬ್ರವರಿಯದು 10 ಕೋಟಿ ಕಿಲೋಮೀಟರಿಗಿಂತ ಹೆಚ್ಚು ದೂರದ್ದು. ಮುಂದಿನ ನಿಕಟ ಭೇಟಿ 2035ರ ಸೆಪ್ಟೆಂಬರ್ ಮಧ್ಯದಲ್ಲಿದೆ. ಮಳೆ ಬಿಡುವು ಕೊಟ್ಟ ರಾತ್ರಿ ಪೂರ್ವ ದಿಕ್ಕಿನಲ್ಲಿ ಅವನನ್ನು ಹುಡುಕಬೇಕು. ಘಟ್ಟದಾಚೆ ಸೋಲಾಪುರ, ವಿಜಯಪುರದ ಕಡೆ ಬಂಧುಗಳಿರುವವರು ಅಲ್ಲಿಗೇ ಹೋಗಿ ನೋಡುವುದು ಉತ್ತಮ.