ನಡೀ, ನಡೀ: ವೆರಾಚಿನಿಯ ಸ್ಕಾಟಿಷ್ ಮಟ್ಟು ನುಡಿಸುವಾಗ

ಹದಿನೆಂಟನೇ ಶತಮಾನದ ಇಟಲಿಯ ವಯಲಿನ್ ವಾದಕ, ಸಂಗೀತ ರಚನೆಕಾರ ವೆರಾಚಿನಿಯ ಎ ಮೇಜರ್ ಸೊನಾಟಾ (ವಯಲಿನ್‌ಗೆ ಬರೆದ, ಹಲವು ಭಾಗಗಳ ಕೃತಿ) ಕಲಿಯುವ ಮಕ್ಕಳು ಕೊನೆಯ ಭಾಗಕ್ಕೆ ಬಂದಾಗ ಸಮಾಧಾನದ ಉಸಿರು ಬಿಡುತ್ತಾರೆ. ಮೊದಲ ಸಾಲುಗಳನ್ನು ನೋಡಿದರೆ ಸುಲಭ ಅನ್ನಿಸುತ್ತದೆ ಅಲ್ವಾ? ನನ್ನ ಪಾಠದಲ್ಲಿ ಜಾಸ್ತಿ ದಿನ ಹಿಡಿಯುವುದು ಅಲ್ಲೇ.

ಆ ಭಾಗದ ಹೆಸರು ‘ಸ್ಕೊಟ್ಸೇಸೆ’, ಅಂದರೆ ಸ್ಕಾಟ್‌ಲೆಂಡಿನದು. ಅದರ ಮಟ್ಟು ‘ಟ್ವೀಡ್‌ಸೈಡ್’, ಸ್ಕಾಟ್‌ಲೆಂಡಿನ ದಕ್ಷಿಣ ಗಡಿಯ ಟ್ವೀಡ್ ನದಿಯ ದಂಡೆಯ ಹಾಡು. ಫ್ಲಾರೆನ್ಸಿನ ವೆರಾಚಿನಿ 1730–40ರ ದಶಕಗಳಲ್ಲಿ ಹಲವು ವರ್ಷ ಲಂಡನ್ನಿನಲ್ಲಿದ್ದರು. ಆಗ ಅಲ್ಲಿ ಸ್ಕಾಟಿಷ್ ಹಾಡುಗಳೆಂದರೆ ಜನ ಮುಗಿಬೀಳುತ್ತಿದ್ದರು. 1725ರಲ್ಲೇ ವಿಲಿಯಂ ಥಾಮ್ಸನ್ ಅಲ್ಲಿ ಅಚ್ಚು ಹಾಕಿಸಿದ ಹಾಡುಗಳ ಸಂಗ್ರಹದಲ್ಲಿ ಟ್ವೀಡ್‌ಸೈಡ್ ಇದೆ. ವೆರಾಚಿನಿಯ ಹನ್ನೆರಡು ಸೊನಾಟಾಗಳು ಹೊರಬಂದಿದ್ದು 1744ರಲ್ಲಿ. ಅದರಲ್ಲಿ ಒಂಬತ್ತನೆಯದು ಇದು.

ಸ್ಕಾಟಿಷ್ ಮಟ್ಟು ನುಡಿಸಬೇಕಾದರೆ ಮೊದಲು ಒಂದು ಲಯ ಕೈಗೆ ಕೂರಬೇಕು. ಅದನ್ನು ಸ್ಕಾಚ್ ಸ್ನ್ಯಾಪ್ ಅನ್ನುತ್ತಾರೆ. ತಾಳದ ಪೆಟ್ಟು ಬೀಳುವುದು ಚಿಕ್ಕ ಸ್ವರದ ಮೇಲೆ. ಉದ್ದನೆಯದು ಅದರ ಬೆನ್ನಿಗೇ ಬರುತ್ತದೆ. ಮಕ್ಕಳು ಚಿಕ್ಕ ಸ್ವರವನ್ನು ಸುಮ್ನೆ ದಾಟಿಬಿಡುತ್ತಾರೆ. ಪೆಟ್ಟು ಉದ್ದ ಸ್ವರಕ್ಕೆ ಜಾರುತ್ತದೆ, ಹಾಡು ಕುಂಟುತ್ತದೆ.

ಆಗ ನಾನು ವಯಲಿನ್ ಕೆಳಗಿಡಿಸುತ್ತೇನೆ. ತೊಡೆ ತಟ್ಟುತ್ತಾ ‘ನಡೀ, ನಡೀ’ ಅನ್ನಿಸುತ್ತೇನೆ. ‘ನ’ ಗಿಡ್ಡ, ಆದರೆ ಒತ್ತು ಅದರ ಮೇಲೇ. ‘ಡೀ’ ಉದ್ದ, ಆದರೆ ಹಗುರ. ಹತ್ತು ಸಲ ಹೇಳಿದ ಮೇಲೆ ಕಮಾನು ಕೈಗೆ ಕೊಡುತ್ತೇನೆ. ಎರಡೂ ಸ್ವರ ಒಂದೇ ಎಳೆತದಲ್ಲಿ ಬರಲಿ. ಬುಡದ ಹತ್ತಿರ ಚಿಕ್ಕದಾಗಿ ಕಚ್ಚಿಸಿ, ತಕ್ಷಣ ಬೆರಳಿನ ಭಾರ ಬಿಡಿ. ಉದ್ದ ಸ್ವರದಲ್ಲಿ ಕಮಾನು ತಂತಿಯ ಮೇಲೆ ತೇಲಬೇಕು, ಒತ್ತಬಾರದು. ಇದೊಂದು ಬಂದರೆ ಮಗುವಿನ ಮುಖವೇ ಅರಳುತ್ತದೆ. ಅದನ್ನು ನೋಡುವುದು ನನಗೆ ಪ್ರತಿ ಸಲವೂ ಹಬ್ಬ.

ಇನ್ನು ಅಲಂಕಾರದ ಮಾತು. ಬರೋಕ್, ಅಂದರೆ ವೆರಾಚಿನಿಯ ಕಾಲದ ಯುರೋಪಿನ ಶೈಲಿ, ಅಂದ ಕೂಡಲೇ ಮೊದಲ ಸಾಲಿನಿಂದಲೇ ಟ್ರಿಲ್ (ಪಕ್ಕದ ಎರಡು ಸ್ವರಗಳ ನಡುವಿನ ವೇಗದ ಓಲಾಟ) ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ನಮ್ಮ ಗಾಯಕರು ಪಲ್ಲವಿಯನ್ನು ಮೊದಲು ನೇರವಾಗಿ ಹಾಡಿ ಆಮೇಲೆ ಸಂಗತಿ ಹಾಕುತ್ತಾರಲ್ಲ, ಇಲ್ಲೂ ಹಾಗೇ. ಮಟ್ಟನ್ನು ಬಗೆಬಗೆಯಾಗಿ ಬಿಡಿಸುವ ಕೆಲಸವನ್ನು ವೆರಾಚಿನಿಯೇ ಮುಂದೆ ಬರೆದಿಟ್ಟಿದ್ದಾರೆ. ಮೊದಲ ಸಲ ಕೇಳುಗರ ಕಿವಿಗೆ ಹಾಡು ಬೀಳಲಿ. ‘ಅಫೆತ್ತುಓಸೊ’, ಪ್ರೀತಿ ತುಂಬಿ ನುಡಿಸಿ, ಅಂತ ಅವರೇ ಕೇಳಿಕೊಂಡಿದ್ದಾರೆ.

ನಡುವೆ ಲಾರ್ಗೊ, ಅಂದರೆ ತುಂಬ ನಿಧಾನದ ತುಣುಕು, ಬಂದು ನಡೆ ನಿಧಾನವಾಗುತ್ತದೆ. ಅದು ಮುಗಿದು ಮೊದಲಿನ ನಡೆ ಮರಳುವ ಮುಂಚೆ ಕಮಾನನ್ನು ತಂತಿಯಿಂದ ಎತ್ತಿ, ಒಂದು ಉಸಿರಿನಷ್ಟು ನಿಲ್ಲಿ. ಬಾಯಲ್ಲಿ ಹಾಡುವವರಾದರೆ ಅಲ್ಲಿ ಉಸಿರೆಳೆದುಕೊಳ್ಳುತ್ತಿದ್ದರು.