ಗೊತ್ತಾದದ್ದು ಯಾರಿಗೆ, ಗೇಟು ಮುಚ್ಚುವವರು ಯಾರು?

ದೊಡ್ಡ ಭೂಕಂಪವೋ ಪ್ರವಾಹವೋ ಆದ ಮರುದಿನ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಸೆನ್ಸರ್ ಇತ್ತಲ್ಲ, ಉಪಗ್ರಹ ಇತ್ತಲ್ಲ, ಎಲ್ಲರ ಜೇಬಿನಲ್ಲೂ ಫೋನ್ ಇತ್ತಲ್ಲ, ಆದರೂ ಯಾಕೆ ಇಷ್ಟು ಜನ ಸತ್ತರು? ಉತ್ತರ ಗೋಜಲಾಗಲು ಒಂದು ಕಾರಣವಿದೆ. ‘ಸ್ಮಾರ್ಟ್ ಮೂಲಸೌಕರ್ಯ’ ಅನ್ನುವ ಒಂದೇ ಹಣೆಪಟ್ಟಿಯಡಿ ನಾವು ಎರಡು ಬೇರೆ ಜಾತಿಯ ವ್ಯವಸ್ಥೆಗಳನ್ನು ಸೇರಿಸಿಬಿಟ್ಟಿದ್ದೇವೆ. ಒಂದು, ಅಪಾಯ ಕಂಡ ಕೂಡಲೇ ತಾನೇ ಕೆಲಸ ಮಾಡುವಂಥದ್ದು. ಇನ್ನೊಂದು, ಅಪಾಯ ಕಂಡು ಯಾರಿಗೋ ಹೇಳಿ ಸುಮ್ಮನಾಗುವಂಥದ್ದು.

ಆಲೋಚನೆ ಮಾತ್ರ ಹಳೆಯದು. 1868ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಡುಗಿದ ಕೆಲವೇ ದಿನಗಳಲ್ಲಿ ಜೆ.ಡಿ. ಕೂಪರ್ ಎಂಬ ವೈದ್ಯರು ಅಲ್ಲಿನ ಪತ್ರಿಕೆಗೆ ಬರೆದರು: ಊರಿನಿಂದ ದೂರದಲ್ಲಿ ಕಂಪನ ಹಿಡಿಯುವ ಉಪಕರಣ ಇಡೋಣ, ಟೆಲಿಗ್ರಾಫ್ ತಂತಿಯಲ್ಲಿ ಸಂಕೇತ ಬಂದ ಕೂಡಲೇ ಊರ ನಡುವಿನ ಗಂಟೆ ತಾನಾಗಿ ಬಾರಿಸಲಿ. ನೆಲದ ಕಂಪನಕ್ಕಿಂತ ತಂತಿಯ ವಿದ್ಯುತ್ತು ಬಲು ವೇಗ, ಲೆಕ್ಕ ಅಷ್ಟೇ. ಸರಿಯಾದ ಲೆಕ್ಕ. ಗಂಟೆ ಮಾತ್ರ ಯಾರೂ ಕಟ್ಟಲಿಲ್ಲ. ನೂರು ವರ್ಷ ಹಾಗೇ ಉರುಳಿತು.

ಅದನ್ನು ನಿಜವಾಗಿ ಕೈಗೆತ್ತಿಕೊಂಡದ್ದು ಜಪಾನಿನ ರೈಲು ಎಂಜಿನಿಯರ್‌ಗಳು. ಭೂಕಂಪದಲ್ಲಿ ಮೊದಲು ಹೊರಡುವುದು ಪಿ ಅಲೆ, ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಅದರಿಂದ ದೊಡ್ಡ ಹಾನಿಯಿಲ್ಲ. ಕಟ್ಟಡ ಕೆಡವುವ ಎಸ್ ಅಲೆ ಅದರ ಹಿಂದೆ ಸುಮಾರು 3.5 ಕಿ.ಮೀ. ವೇಗದಲ್ಲಿ ಬರುತ್ತದೆ. ಈ ಅಂತರವೇ ಬಂಡವಾಳ. 1992ರಲ್ಲಿ ಟೊಕಾಯ್ಡೊ ಶಿಂಕಾನ್ಸೆನ್ (ಬುಲೆಟ್ ರೈಲು) ಮಾರ್ಗಕ್ಕೆ ಬಂದ ಯೂರೆಡಾಸ್ ವ್ಯವಸ್ಥೆ ಪಿ ಅಲೆಯ ಮೊದಲ ಕೆಲವು ಸೆಕೆಂಡುಗಳನ್ನು ಓದಿ, ಅಪಾಯವಿದ್ದರೆ ಮಾರ್ಗದ ಕರೆಂಟನ್ನೇ ಕಡಿಯುತ್ತಿತ್ತು. ಕರೆಂಟ್ ಹೋಯಿತೆಂದರೆ ರೈಲಿನ ತುರ್ತು ಬ್ರೇಕ್ ತಾನೇ ಬೀಳುತ್ತದೆ. ಚಾಲಕರನ್ನು ಕೇಳುವುದಿಲ್ಲ, ಮೇಲಧಿಕಾರಿಗೆ ಫೋನ್ ಮಾಡುವುದಿಲ್ಲ. ವಿನ್ಯಾಸದ ಜಾಣತನವೆಲ್ಲ ಇರುವುದು ಈ ‘ಕೇಳುವುದಿಲ್ಲ’ದಲ್ಲಿ.

ಇದಕ್ಕೂ ಮಿತಿಯಿದೆ. 2004ರಲ್ಲಿ ನಿಯಿಗಾಟಾ ಭೂಕಂಪದ ಕೇಂದ್ರ ಹಳಿಗೆ ತೀರಾ ಹತ್ತಿರವಿತ್ತು. ಸುಮಾರು 200 ಕಿ.ಮೀ. ವೇಗದಲ್ಲಿದ್ದ ರೈಲು ಹಳಿ ತಪ್ಪಿತು, ಆದರೆ ಅದರಲ್ಲಿದ್ದ ಒಂದು ಜೀವವೂ ಹೋಗಲಿಲ್ಲ. 2011ರ ಮಾರ್ಚ್ 11ರಂದು ದೊಡ್ಡ ಭೂಕಂಪವಾದಾಗ ತೊಹೊಕು ಶಿಂಕಾನ್ಸೆನ್ ಮಾರ್ಗದಲ್ಲಿ 27 ರೈಲುಗಳು ಓಡುತ್ತಿದ್ದವು. ಪ್ರಯಾಣಿಕರಿದ್ದ ಒಂದು ರೈಲೂ ಹಳಿ ತಪ್ಪಲಿಲ್ಲ. ಅಡುಗೆ ಅನಿಲದ್ದೂ ಇದೇ ಕಥೆ. 1995ರ ಕೋಬೆ ಭೂಕಂಪದಲ್ಲಿ ಎಲ್ಲಿ ಅನಿಲ ನಿಲ್ಲಿಸಬೇಕೆಂದು ತೀರ್ಮಾನಿಸಲು ಗಂಟೆಗಳೇ ಹಿಡಿದವು, ಊರು ಹೊತ್ತಿ ಉರಿಯಿತು. ಈಗ ಅಲ್ಲಿನ ಮನೆಮನೆಯ ಮೀಟರ್ ಜೋರಾಗಿ ನಡುಗಿದರೆ ಸಾಕು, ಅನಿಲವನ್ನು ತಾನೇ ಮುಚ್ಚಿಕೊಳ್ಳುತ್ತದೆ.

ದೂರ ಇದ್ದಷ್ಟೂ ಸಮಯ ಸಿಗುತ್ತದೆ ಅನ್ನುವುದನ್ನು ಮೆಕ್ಸಿಕೊ ಒಂದೇ ತಿಂಗಳಲ್ಲಿ ಎರಡು ಬಗೆಯಾಗಿ ಕಂಡಿತು. 1985ರ ಭೂಕಂಪ ದುರಂತದ ಬಳಿಕ ಕಟ್ಟಿದ ಎಚ್ಚರಿಕೆ ವ್ಯವಸ್ಥೆ 1991ರಿಂದ ಕೆಲಸ ಮಾಡುತ್ತಿದೆ. 2017ರ ಸೆಪ್ಟೆಂಬರ್ 7ರಂದು ದೂರದ ತೆಹುವಾಂಟೆಪೆಕ್ ಕಡೆ ಭೂಮಿ ಕಂಪಿಸಿದಾಗ ಮೆಕ್ಸಿಕೊ ನಗರಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಸಮಯ ಸಿಕ್ಕಿತು. 19ರಂದು, 1985ರ ನೆನಪಿಗೆ ಅಣಕು ಕಾರ್ಯಾಚರಣೆ ಮುಗಿದ ಸುಮಾರು ಎರಡು ಗಂಟೆಗೆ, ಹತ್ತಿರದಲ್ಲೇ ಭೂಕಂಪವಾಯಿತು. ಸೈರನ್ ಮೊಳಗುವುದಕ್ಕೂ ನೆಲ ಅಲುಗುವುದಕ್ಕೂ ಹೆಚ್ಚುಕಡಿಮೆ ಅಂತರವೇ ಇರಲಿಲ್ಲ.

ನೀರಿನ ವಿಷಯದಲ್ಲಿ ಯಂತ್ರಕ್ಕೆ ಅಧಿಕಾರ ಕೊಡುವ ಧೈರ್ಯ ಮಾಡಿದ್ದು ನೆದರ್‌ಲ್ಯಾಂಡ್ಸ್. 1953ರ ಪ್ರವಾಹ ಅಲ್ಲಿ 1,836 ಜನರನ್ನು ಕೊಂದಿತ್ತು. 1997ರಲ್ಲಿ ರಾಟರ್‌ಡ್ಯಾಮ್ ಬಂದರಿನ ಬಾಯಿಗೆ ಮಾಸ್ಲಾಂಟ್ ತಡೆಗೇಟು ಬಂತು. ಎರಡು ಬಾಗಿಲು, ಒಂದೊಂದೂ 210 ಮೀಟರ್ ಉದ್ದ. ಮುಚ್ಚುವ ತೀರ್ಮಾನ ಕಂಪ್ಯೂಟರಿನದು. ಬಂದರು ನಿಂತರೆ ಆಗುವ ನಷ್ಟದ ಮುಂದೆ ಮನುಷ್ಯ ಹಿಂದೆಮುಂದೆ ನೋಡುತ್ತಾನೆ, ಯಂತ್ರ ನೋಡುವುದಿಲ್ಲ. ಆದರೆ ಮುಚ್ಚಲು ಹೇಳಿದಾಗ ಸಾವಿರದಲ್ಲಿ ಒಮ್ಮೆ ಮಾತ್ರ ಕೈಕೊಡಬಹುದು ಎಂದು ಮೊದಲು ಹಾಕಿದ್ದ ಲೆಕ್ಕ ನಿಲ್ಲಲಿಲ್ಲ. ಈಗ ಒಪ್ಪಿಕೊಂಡಿರುವುದು ನೂರರಲ್ಲಿ ಒಮ್ಮೆ. ಹಾಗಾಗಿ, ಯಾರ ಕೈಯಿಂದ ತೀರ್ಮಾನ ಕಸಿದುಕೊಳ್ಳಲಾಗಿತ್ತೋ ಅದೇ ಮನುಷ್ಯರನ್ನು ಕಾವಲಿಗೆ ಮತ್ತೆ ಕೂರಿಸಬೇಕಾಯಿತು. 2023ರ ಡಿಸೆಂಬರ್ 21ರಂದು ನೀರು ಏರಿದ್ದಕ್ಕೆ ಗೇಟು ಮೊದಲ ಬಾರಿಗೆ ತಾನೇ ಮುಚ್ಚಿಕೊಂಡಿತು. ಕಟ್ಟಿ 26 ವರ್ಷ ಆಗಿತ್ತು. ಅಷ್ಟು ಕಾಲ ಒಂದು ರಾತ್ರಿಗಾಗಿ ಗ್ರೀಸ್ ಹಚ್ಚುತ್ತಾ ಕೂರುವುದಕ್ಕೆ ಬಜೆಟ್‌ನಲ್ಲಿ ಹಣ ಕೇಳುವುದು ಎಷ್ಟು ಕಷ್ಟವೆಂದು ನಿರ್ವಹಣೆಯ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಇನ್ನು ಹೇಳುವ ವ್ಯವಸ್ಥೆಗಳು. 2004ರ ಸುನಾಮಿ ದಿನ ಪೆಸಿಫಿಕ್ ಎಚ್ಚರಿಕೆ ಕೇಂದ್ರಕ್ಕೆ ಭೂಕಂಪ ಆದದ್ದು ನಿಮಿಷಗಳಲ್ಲೇ ಗೊತ್ತಾಗಿತ್ತು. ಹಿಂದೂ ಮಹಾಸಾಗರದ ದಡದಲ್ಲಿ ಅದನ್ನು ಕೇಳಿಸಿಕೊಳ್ಳುವ ಕಿವಿಯೇ ಇರಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. 2018ರ ಜನವರಿಯಲ್ಲಿ ಹವಾಯಿಯ ಫೋನುಗಳಿಗೆಲ್ಲ ಕ್ಷಿಪಣಿ ಬರುತ್ತಿದೆ ಎಂಬ ಸುಳ್ಳು ಎಚ್ಚರಿಕೆ ಹೋಯಿತು, ಅದು ಸುಳ್ಳೆಂದು ಅದೇ ಫೋನುಗಳಿಗೆ ತಿಳಿಸಲು 38 ನಿಮಿಷ ಬೇಕಾಯಿತು. ಕಳಿಸುವ ಗುಂಡಿ ಇತ್ತು, ವಾಪಸ್ ಪಡೆಯುವ ದಾರಿ ಸಿದ್ಧವಿರಲಿಲ್ಲ. 2024ರ ಅಕ್ಟೋಬರ್ 29ರಂದು ಸ್ಪೇನ್‌ನ ವಲೆನ್ಸಿಯಾದ ಪ್ರವಾಹದಲ್ಲಿ ಉಲ್ಟಾ. ಹವಾಮಾನ ಇಲಾಖೆಯ ಕೆಂಪು ಎಚ್ಚರಿಕೆ ಬೆಳಗ್ಗೆಯೇ ಬಂದಿತ್ತು, ಫೋನುಗಳಿಗೆ ಸಂದೇಶ ಹೋದದ್ದು ರಾತ್ರಿ ಎಂಟು ದಾಟಿದ ಮೇಲೆ. ಅಷ್ಟರಲ್ಲಿ ಎಷ್ಟೋ ಮಂದಿ ನೀರಿನಲ್ಲಿದ್ದರು.

ಅತ್ತ ಬಾಂಗ್ಲಾದೇಶ ಕೆಲವು ದಶಕಗಳಲ್ಲಿ ಸೈಕಲ್, ಮೆಗಾಫೋನ್, ಬಾವುಟ ಹಿಡಿದ ಸ್ವಯಂಸೇವಕರಿಂದ ಚಂಡಮಾರುತದ ಸಾವುಗಳನ್ನು ಲಕ್ಷಗಳಿಂದ ಬಹಳ ಕೆಳಕ್ಕೆ ಇಳಿಸಿತು. ಅದನ್ನು ಯಾರೂ ‘ಸ್ಮಾರ್ಟ್’ ಅನ್ನುವುದಿಲ್ಲ.

ಹೇಳುವುದನ್ನೂ ವಿನ್ಯಾಸ ಮಾಡಬೇಕೆಂದು ಮೊದಲು ಒಪ್ಪಿಕೊಂಡವರಲ್ಲಿ ಜಪಾನಿನ ಹವಾಮಾನ ಸಂಸ್ಥೆಯೂ ಒಂದು. 2011ರಲ್ಲಿ ಅದರ ಮೊದಲ ಸುನಾಮಿ ಎಚ್ಚರಿಕೆ ಭೂಕಂಪವಾದ ಮೂರೇ ನಿಮಿಷಕ್ಕೆ ಹೊರಬಿತ್ತು, ಇವಾಟೆ ಕರಾವಳಿಗೆ ಅಲೆ 3 ಮೀಟರ್ ಎಂದಿತು. ಅಲ್ಲಿನ ತಾರೊ ಊರಿನ ಮುಂದೆ 10 ಮೀಟರ್ ಗೋಡೆಯಿತ್ತು. 3 ಮೀಟರ್ ಎಂದು ಕೇಳಿದವರು ಯಾಕೆ ಓಡುತ್ತಾರೆ? ಅಂದಾಜನ್ನು ಆಮೇಲೆ ಏರಿಸಿದರು, ಆದರೆ ಎಷ್ಟೋ ಕಡೆ ಕರೆಂಟೇ ಇರಲಿಲ್ಲ. ಅಲೆ ಗೋಡೆಯನ್ನು ದಾಟಿ ಬಂತು. 2013ರಿಂದ ನಿಯಮ ಬದಲಾಗಿದೆ. ತೀವ್ರತೆ 8 ಮೀರಿದ ಭೂಕಂಪದ ಲೆಕ್ಕ ಕೂಡಲೇ ಸಿಗದಿದ್ದರೆ ಮೊದಲ ಎಚ್ಚರಿಕೆಯಲ್ಲಿ ಮೀಟರ್ ಹೇಳುವುದಿಲ್ಲ. ‘ದೈತ್ಯ’ ಎಂಬ ಒಂದು ಪದ ಇರುತ್ತದೆ, ಅಂಕಿ ಆಮೇಲೆ ಬರುತ್ತದೆ.